ಖಣಿಯ ಮೇಲಿಂದ ಕರೆದ ಹೆಸರು

ನಂಬುವುದು ಬಿಡುವುದು ನಿಮ್ಮ ಇಷ್ಟ. ಆದರೆ ನಾನು ಕಥೆ ಕಟ್ಟುವವನಲ್ಲ. ದಿನಾ ಮಲಗುವ ಮುಂಚೆ ಆ ದಿನದ ಬಿಸಿಲು, ಮಳೆ, ಮನೆಗೆ ಬಂದವರು, ಹೋದವರು ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವವನು. ನನ್ನ ಕಣ್ಣೆದುರು ನಡೆಯದ್ದನ್ನು ಒಂದು ಸಾಲೂ ಬರೆದವನಲ್ಲ. ಇದು ನಡೆದದ್ದು. ನಾನೂ ಸಿದ್ರಾಮನೂ ಆ ಹರಗೋಲಿನಲ್ಲಿದ್ದೆವು.

ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದ ವರ್ಷ. ಕಾರ್ತಿಕ ಮುಗಿಯುವ ಛಟ್ಟಿ ಅಮಾವಾಸ್ಯೆಯ ಹಿಂದಿನ ದಿನ. ನಾನು ಚಿತ್ತಾಪುರದಲ್ಲಿ ಕಾರಕೂನ. ಸಿದ್ರಾಮ ಸಾಲಿಯಲ್ಲಿ ನನ್ನ ಜೊತೆ ಕಲಿತ ಗೆಳೆಯ, ವಾಡಿಯಲ್ಲಿ ಲಾರಿ ಓಡಿಸುತ್ತಿದ್ದ. ಅವನ ಅಜ್ಜ ಕಾಗಿಣಾ ನದಿಯಲ್ಲಿ ಅಂಬಿಗ. ಸೇತುವೆ ಆದ ಮೇಲೆ ಹರಗೋಲು ಹತ್ತುವವರು ಕಡಿಮೆಯಾಗಿ, ಅವನಪ್ಪ ಫರಶಿ ಕಲ್ಲಿನ ಖಣಿಗೆ ಕೂಲಿಗೆ ಹೋದ. ಸಿದ್ರಾಮನೂ ಹುಡುಗನಿದ್ದಾಗ ಅಪ್ಪನ ಜೊತೆ ಖಣಿಯಲ್ಲೇ ಬೆಳೆದವನು.

ಅಜ್ಜನ ಹರಗೋಲು ಮಾತ್ರ ಮನೆಯಲ್ಲಿ ಉಳಿದಿತ್ತು. ಬಿದಿರು ಹೆಣೆದು, ತಾಡಪತ್ರಿ ಹೊದಿಸಿ, ಡಾಂಬರು ಬಳಿದ ದೊಡ್ಡ ಬುಟ್ಟಿಯಂಥ ದೋಣಿ. ಶಹಾಬಾದ ಕಡೆಗೆ, ಹೊಳೆಯ ದಂಡೆಯಲ್ಲೇ ಇದ್ದ ಅವನ ಅಕ್ಕನ ಊರಿಗೆ ಅದನ್ನು ಮುಟ್ಟಿಸಬೇಕಿತ್ತು. ಗಾಡಿಯಲ್ಲಿ ಹೇರುವುದು ಬೇಡ, ನೀರಿನ ಮೇಲೇ ತೇಲಿಸಿಕೊಂಡು ಹೋಗೋಣ, ದಾರಿಯುದ್ದಕ್ಕೂ ಗಾಳ ಹಾಕೋಣ ಅಂತ ಸಿದ್ರಾಮ ಹೇಳಿದ. ನನಗೆ ಈಜು ಬರುವುದಿಲ್ಲ. ಆದರೂ ಹೂಂ ಅಂದೆ.

ಹಗಲೆಲ್ಲ ಎಷ್ಟು ಚಂದ ಇತ್ತು ಅಂದರೆ... ಹೊಳೆ ತಿಳಿಯಾಗಿತ್ತು. ಕೆಳಗಿನ ಹಾಸುಗಲ್ಲು ಅಂಗಳದ ಫರಶಿಯಂತೆ ಕಾಣುತ್ತಿತ್ತು. ಎರಡೂ ದಂಡೆಗೆ ಜೋಳ ಮೊಳಕಾಲುದ್ದ ಬೆಳೆದು ನಿಂತಿತ್ತು. ಸಿದ್ರಾಮ ಕಪ್ಪೆಮರಿ ಸಿಗಿಸಿದ ಗಾಳವನ್ನು ಕಲ್ಲಿನ ಸಂದಿಗೆ ಎಸೆಯುವುದು, ಕೊರಮೀನು ಪಟ್ಟನೆ ಹಾರಿ ಕಚ್ಚುವುದು, ಹರಗೋಲು ಗರ್ರನೆ ಒಂದು ಸುತ್ತು ತಿರುಗುವುದು.

"ಲೇ ಶರಣ್ಯಾ, ಬರಕೋ. ಇನ್ನೊಂದು ಬಂತು!" ಅಂತ ಅವನು ನನ್ನನ್ನು ಕೂಗುವುದು.

"ಎಷ್ಟು ಉದ್ದ ಅದ?"

"ನಿನ್ನ ಮೂಗಿನಕಿಂತ ಸ್ವಲ್ಪ ಗಿಡ್ಡ. ಬರಕೋ."

ನಮ್ಮ ಮನೆಯಲ್ಲಿ ಮೀನು ಮುಟ್ಟುವುದಿಲ್ಲ. ಅದಕ್ಕೇ ಅವನಿಗೆ ನಗು. "ಹಿಡಿಯಾಂವ ನಾ, ತಿನ್ನಾಂವ ನಾ, ಬರಿಯಾಂವ ನೀ. ಲಿಂಗಾ ಕಟ್ಟಿಕೊಂಡು ಮೀನಿನ ಲೆಕ್ಕಾ ಬರಿಯಾಕತ್ತಿ, ನಿಮ್ಮವ್ವಗ ಗೊತ್ತಾದ್ರ ಹೊಳಿಯಾಗ ಮೊದಲ ನಿನ್ನ ಮುಳಗಸ್ತಾಳ!"

ಹೊತ್ತು ಇಳಿಯುವಾಗ ಎಡದಂಡೆಗೆ ಒಂದು ಹಳೆಯ ಖಣಿ ಸಿಕ್ಕಿತು. ಕಲ್ಲು ತೆಗೆಯುವುದು ಬಿಟ್ಟು ಎಷ್ಟೋ ವರ್ಷವಾಗಿತ್ತು. ಖಣಿಗೂ ಹೊಳೆಗೂ ನಡುವಿದ್ದ ಮಣ್ಣಿನ ಒಡ್ಡು ಆ ಮಳೆಗಾಲದಲ್ಲಿ ಒಡೆದು, ಹೊಳೆಯ ನೀರು ಒಳಗೆ ನುಗ್ಗಿ ನಿಂತಿತ್ತು. ಒಡ್ಡು ಒಡೆದ ಜಾಗದಲ್ಲಿ ಎತ್ತಿನ ಗಾಡಿ ಹೋಗುವಷ್ಟು ಅಗಲದ ಬಾಯಿ.

"ನಿಂತ ನೀರಿನಾಗ ದೊಡ್ಡ ದೊಡ್ಡ ಕೊರಮೀನ ಇರ್ತಾವ. ಒಂದ್ ಸುತ್ತ ಹಾಕಿ ಬರೋಣು," ಅಂದ ಸಿದ್ರಾಮ.

ಒಳಗೆ ಹೋದೆವು.

ಒಳಗೆ ಹೋದ ಕೂಡಲೇ ಹೊಳೆಯ ಸದ್ದು ನಿಂತಿತು. ಕಡಿಮೆಯಾಗಲಿಲ್ಲ, ನಿಂತಿತು. ಸುತ್ತ ಕಡಿದು ನಿಲ್ಲಿಸಿದಂಥ ಕಲ್ಲಿನ ಗೋಡೆಗಳು, ನೀರಿನಿಂದ ನೆಟ್ಟಗೆ ಮೇಲಕ್ಕೆ. ಹತ್ತಲು ಒಂದು ಮೆಟ್ಟಿಲಿಲ್ಲ, ಹಿಡಿಯಲು ಒಂದು ಬೇರಿಲ್ಲ. ನೀರು ಕಪ್ಪು. ತೊಯ್ದ ಕಲ್ಲಿನ ಪುಡಿಯ ವಾಸನೆ. ಗಾಳಕ್ಕೆ ಒಂದು ಮೀನೂ ಬರಲಿಲ್ಲ.

"ಸಾಕು, ನಡಿ," ಅಂದೆ. ಸಿದ್ರಾಮ ಹುಟ್ಟು ತಿರುಗಿಸಿದ.

ಒಡ್ಡಿನ ಬಾಯಿ ಇರಲಿಲ್ಲ...

ಮೊದಲು ನಕ್ಕೆವು. ಕತ್ತಲಾಗಿದೆ, ಕಣ್ಣಿಗೆ ಬೀಳುತ್ತಿಲ್ಲ ಅಂದುಕೊಂಡೆವು. ನಾನು ಬ್ಯಾಟರಿ ಹಚ್ಚಿ ಗೋಡೆಗೆ ಬಿಟ್ಟೆ. ಸಿದ್ರಾಮ ಒಂದು ಕೈ ಗೋಡೆಗೆ ಸವರುತ್ತ ಹರಗೋಲು ನಡೆಸಿದ. ಕಲ್ಲಿನ ಸೀಳಿನಲ್ಲಿ ಒಂದು ಸಣ್ಣ ಅರಳಿ ಗಿಡ ಹುಟ್ಟಿತ್ತು, ಅದನ್ನು ದಾಟಿದೆವು. ಮೂಲೆ ತಿರುಗಿದೆವು. ಮತ್ತೆ ಮೂಲೆ. ಕಲ್ಲು, ಕಲ್ಲು, ಕಲ್ಲು... ಮುಂದೆ ಅದೇ ಅರಳಿ ಗಿಡ.

ಅವನು ಗೋಡೆಯಿಂದ ಕೈ ತೆಗೆದೇ ಇರಲಿಲ್ಲ.

"ಸಿದ್ರಾಮ..."

"ಸುಮ್ಮನ ಕೂಡು. ಮತ್ತೊಮ್ಮೆ ನೋಡೋಣು."

ಎರಡನೆಯ ಸುತ್ತಿನಲ್ಲಿ ನೀರಿನೊಳಗಿದ್ದ ಕಲ್ಲಿನ ಅಂಚು ಹರಗೋಲಿನ ತಳಕ್ಕೆ ತಗಲಿತು. ಚರ್ರ್... ಅಂತ ತಾಡಪತ್ರಿ ಹರಿದ ಸದ್ದು. ನನ್ನ ಕಾಲ ಕೆಳಗೆ ತಣ್ಣಗಾಯಿತು. ಬುತ್ತಿಯ ಡಬ್ಬಿ ಖಾಲಿ ಮಾಡಿ ನೀರು ಎತ್ತಿ ಹಾಕತೊಡಗಿದೆ. ಸಿದ್ರಾಮ ತನ್ನ ರುಮಾಲು ಬಿಚ್ಚಿ ಹರಿದಲ್ಲಿ ತುರುಕಿದ. ನೀರು ನಿಲ್ಲಲಿಲ್ಲ, ನಿಧಾನವಾಯಿತು ಅಷ್ಟೇ. ಬ್ಯಾಟರಿ ನೀರಿಗೆ ಬಿದ್ದು ಆರಿತು. ಮೇಲೆ ಚಿಕ್ಕೆಗಳ ಒಂದು ಚೌಕ, ಕೆಳಗೆ ಕತ್ತಲೆ. ಬಾವಿಯಲ್ಲಿ ಬಿದ್ದವರ ಹಾಗೆ ಇದ್ದೆವು.

ಇಬ್ಬರೂ ಗಂಟಲು ಹರಿಯುವಂತೆ ಕೂಗಿದೆವು. "ಯಾರರ ಅದೀರೇನ್ರಿ... ಏ ಯಪ್ಪಾ... ಯಾರರ ಬರ್ರಿ..."

ಆಮೇಲೆ ಬೀಡಿಯ ವಾಸನೆ ಬಂತು. ಮೇಲೆ, ಖಣಿಯ ಅಂಚಿನಲ್ಲಿ ಯಾರೋ ಕೆಮ್ಮಿದರು.

ನನಗೆ ಹೋದ ಜೀವ ಬಂದಂತಾಯಿತು. ಇನ್ನೊಮ್ಮೆ ಕೂಗಬೇಕು ಅನ್ನುವಷ್ಟರಲ್ಲಿ ಮೇಲಿನ ದನಿ ತಾನೇ ಕರೆಯಿತು. ನಮ್ಮನ್ನಲ್ಲ.

"ಭೀಮಶಾ..."

"ಓ..." ಅಂತ ಉತ್ತರ ಬಂತು.

ಉತ್ತರ ಬಂದದ್ದು ಮೇಲಿಂದಲ್ಲ. ಪಕ್ಕದಿಂದಲೂ ಅಲ್ಲ. ಕೆಳಗಿನಿಂದ. ಹರಗೋಲಿನ ಬಿದಿರು ಝುಂ ಅಂದದ್ದು ನನ್ನ ಅಂಗಾಲಿಗೆ ತಿಳಿಯಿತು.

"ಮಲಕಪ್ಪಾ..."

"ಓ..."

"ಶಾಂತವ್ವಾ..."

"ಓ ಯಪ್ಪಾ..." ಹೆಣ್ಣು ದನಿ. ದಣಿದ ದನಿ. ಅದೂ ಕೆಳಗಿನಿಂದಲೇ.

ನೀರು ಎತ್ತುವಾಗ ನನ್ನ ಕೈಯಲ್ಲಿನ ಡಬ್ಬಿ ಅಂಚಿಗೆ ಬಡಿಯಿತು. ಸಿದ್ರಾಮ ಅದನ್ನು ಒತ್ತಿ ಹಿಡಿದ. ಹೆಸರುಗಳು ಒಂದಾದ ಮೇಲೊಂದು ಬಂದವು, ಒಂದಾದ ಮೇಲೊಂದು ಓಗೊಟ್ಟವು. ಕೊನೆಗೆ,

"ಹಣಮಂತಾ..."

ಯಾರೂ ಓ ಅನ್ನಲಿಲ್ಲ.

"ಹಣಮಂತಾ..."

ನೀರು ನನ್ನ ಮೀನಖಂಡ ಮುಟ್ಟಿತ್ತು. ಆ ಒಂದೇ ಹೆಸರು, ಅದೇ ರಾಗದಲ್ಲಿ, ಸಿಟ್ಟಿಲ್ಲದೆ, ಬೇಸರವಿಲ್ಲದೆ, ಮತ್ತೆ ಮತ್ತೆ.

ಸಿದ್ರಾಮ ನನ್ನ ಕಿವಿಯ ಹತ್ತಿರ ಬಾಯಿ ತಂದ. "ಮುಕಾದಮ ಕರಿಯಾಕತ್ತಾನ."

"ಯಾವ ಮುಕಾದಮ?"

"ಖಣಿ ಮುಕಾದಮ. ಸಂಜಿಕ್ಕ ಮ್ಯಾಲ ನಿಂತು ಒಬ್ಬೊಬ್ಬರ ಹೆಸರ ಹಿಡದು ಕರೀತಾನ. ಕೆಳಗಿದ್ದವ್ರು ಓ ಅನಬೇಕು. ಎಲ್ಲಾರೂ ಓ ಅಂದ ಮ್ಯಾಲನ ಮಂದಿ ಹತ್ತೋದು. ಒಬ್ಬಾಂವ ಅನ್ನಲಿಲ್ಲಂದ್ರ ಕಲ್ಲಿನ ಕೆಳಗ ಸಿಕ್ಕಾನ ಅಂತ ತಿಳದು ಯಾರೂ ಹೆಜ್ಜಿ ಎತ್ತಂಗಿಲ್ಲ. ನಮ್ಮಪ್ಪನ ಖಣಿಯಾಗೂ ಹಿಂಗೇ ಇತ್ತು."

"ಅದಕ್ಕ?"

"ಆ ಹಣಮಂತ ಓ ಅನ್ನೂತನಕ ಯಾರೂ ಹೊರಗ ಹೋಗಂಗಿಲ್ಲ, ಶರಣ್ಯಾ. ನಾವೂ..."

ಅವನು ಏನು ಮಾಡಲಿದ್ದಾನೆ ಅಂತ ನನಗೆ ಹೊಳೆಯಿತು. ಅವನ ಅಂಗಿ ಹಿಡಿದೆ. "ಹುಚ್ಚ ಹಿಡದದೇನು? ರಾತ್ರಿ ಹೊತ್ತು ಯಾರೋ ಕರದ್ರ ಓ ಅನಬಾರದು. ನಮ್ಮವ್ವ ಕಿಟಕಿ ಹೊರಗ ಯಾರರ ಕರದ್ರ ಬಾಯಿ ಮ್ಯಾಲ ಕೈ ಇಡ್ತಾಳ."

"ನಿಮ್ಮ ಮನಿ ರೀತಿ ಅದು. ಖಣಿಯಾಗ ಓ ಅನ್ನದಿದ್ರನ ಪಾಪ."

"ನೀ ಹಣಮಂತ ಅಲ್ಲೋ!"

"ಹರಗೋಲ ಎಷ್ಟೊತ್ತು ತಡೀತದ? ನಾ ಹೆಂಗರ ಈಜಾಡ್ತೀನಿ. ನೀ ಏನ್ ಮಾಡ್ತಿ?"

ನಾನು ಅವನ ಅಂಗಿ ಬಿಟ್ಟೆ. ನೀರು ಇನ್ನಷ್ಟು ಏರಿತು.

"ಹಣಮಂತಾ..."

ಸಿದ್ರಾಮ ಎದ್ದು ನಿಂತ. ಕತ್ತು ಮೇಲೆತ್ತಿದ. "ಓ... ಬಂದೆ ಯಪ್ಪಾ..." ಅಂದ. ಅದು ಅವನ ದನಿಯೇ. ಆದರೆ ಬಹಳ ದಣಿದವನ ದನಿ.

ಆಮೇಲೆ ಕೇಳಿದ್ದನ್ನು ಇದ್ದಂತೆ ಬರೆಯುತ್ತೇನೆ. ನಮ್ಮ ಸುತ್ತ ನೀರು ಕಲಕಿತು. ತೊಯ್ದ ಪಾದಗಳು ಕಲ್ಲಿನ ಮೇಲೆ ಪಚ್ ಪಚ್ ಅಂತ ಹತ್ತುವ ಸದ್ದು. ಉಳಿಗೆ ಸುತ್ತಿಗೆ ತಾಗಿದ ಸಣ್ಣ ಠಣ್. ಬಳೆಯ ಸದ್ದು. ಯಾರೋ ಏನೋ ಮಾತಾಡಿ ಯಾರೋ ಸಣ್ಣಗೆ ನಕ್ಕರು, ಕೆಲಸ ಮುಗಿಸಿ ಮನೆಗೆ ಹೊರಟವರ ನಗು. ಬೆವರಿನ, ಬೀಡಿಯ ವಾಸನೆ ನನ್ನ ಮುಖದ ಪಕ್ಕದಲ್ಲೇ ಹಾದು, ಮೆಟ್ಟಿಲೇ ಇಲ್ಲದ ಆ ಗೋಡೆಯ ಮೇಲೆ ಏರಿ ಹೋಯಿತು...

ಎಲ್ಲ ಸುಮ್ಮನಾಯಿತು. ಒಮ್ಮೆಲೇ ಹೊಳೆಯ ಸದ್ದು ಕೇಳಿತು. ಬೆನ್ನ ಹಿಂದೆ, ಕೈಗೆ ಎಟಕುವಷ್ಟು ಹತ್ತಿರ, ಒಡ್ಡಿನ ಬಾಯಿ ಇತ್ತು. ಹೊರಗೆ ಬಂದು ದಂಡೆಗೆ ಮುಟ್ಟಿದಾಗ ಹರಗೋಲಿನಲ್ಲಿ ನೀರು ಅಂಚಿಗೆ ಬಂದಿತ್ತು. ಸಿದ್ರಾಮ ದಾರಕ್ಕೆ ಪೋಣಿಸಿಟ್ಟಿದ್ದ ಮೀನುಗಳನ್ನು ಬಿಚ್ಚಿ ಒಂದೊಂದಾಗಿ ಹೊಳೆಗೆ ಬಿಟ್ಟ.

ಮರುದಿನ ಅವನ ಅಕ್ಕನ ಊರಲ್ಲಿ ವಿಚಾರಿಸಿದೆ. ಆ ಖಣಿಯಲ್ಲಿ ಯಾರೂ ಸತ್ತಿಲ್ಲ ಅಂದರು. ಒಳ್ಳೆಯ ಕಲ್ಲು ಮುಗಿಯಿತು, ಬಿಟ್ಟರು, ಅಷ್ಟೇ. ಹಣಮಂತ ಅಂತ ಯಾರೂ ನೆನಪಿಲ್ಲ. ಹಗಲಲ್ಲಿ ನಾನೇ ಹೋಗಿ ದಂಡೆಯ ಮೇಲೆ ನಿಂತು ನೋಡಿದೆ. ಬಾಯಿ ಅಗಲವಾಗಿ, ಎಲ್ಲರಿಗೂ ಕಾಣುವಂತೆ ತೆರೆದಿತ್ತು.

ಇಲ್ಲಿಗೇ ಮುಗಿದಿದ್ದರೆ ನಾನು ಮರೆಯುತ್ತಿದ್ದೆನೇನೋ. ಮುಂದಿನ ಬೇಸಿಗೆಯಲ್ಲಿ ವಾಡಿಗೆ ಹೋದಾಗ ಸಿದ್ರಾಮನ ಜೊತೆ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆ. ದೀಪ ಹಚ್ಚುವ ಹೊತ್ತು. ಅವನು ಕಪ್ಪು ಕೆಳಗಿಟ್ಟು, ಯಾರೋ ಕರೆದಂತೆ ಕತ್ತೆತ್ತಿ, ಮೆಲ್ಲಗೆ "ಓ" ಅಂದ.

"ಯಾರ್ ಕರದ್ರು?"

"ಯಾವಾಗ್ಲೂ ಕರಿಯಾಂವನ," ಅಂದ. "ದಿನಾ ಹಣಮಂತಾ ಅಂತ ಕರೀತಾನ. ನಾ ಓ ಅಂದ್ರ ಮಂದಿ ಮನಿಗಿ ಹೋಗ್ತಾರ. ಒಂದಿನ ಬೇಕಂತನ ಸುಮ್ಮನಿದ್ದೆ. ಲಾರಿ ಓಡಸಾಕತ್ತಿದ್ದೆ, ಕಾಲ ಕೆಳಗ ತಣ್ಣಗ ನೀರ ಏರಾಕತ್ತಿತು... ನಕ್ಕೋತ ಕೇಳಬ್ಯಾಡ."

ನಾನು ನಗಲಿಲ್ಲ.

"ಒಂದ್ ಮಾತ ಕೊಡು ಶರಣ್ಯಾ. ನನ್ನ ಬಾಯಿಲೆ ಓ ಅನ್ನಾಕ ಆಗದ ದಿನಾ ಬಂದ್ರ, ನನ್ನ ಬದಲಿ ನೀ ಅನಬೇಕು."

ಅಂದು ಖಣಿಯಲ್ಲಿ ಅವನು ಓಗೊಟ್ಟಿದ್ದು ಈಜು ಬಾರದ ನನಗಾಗಿ. ಮಾತು ಕೊಟ್ಟೆ.

ಮೊನ್ನೆಯಿಂದ ಸಿದ್ರಾಮ ಗುಲ್ಬರ್ಗಾದ ಆಸ್ಪತ್ರೆಯಲ್ಲಿದ್ದಾನೆ. ವಿಷಮಜ್ವರ. ಎಚ್ಚರವಿಲ್ಲ. ಅವನ ಹೆಂಡತಿ ಸುದ್ದಿ ಕಳಿಸಿದ್ದಳು, ನೋಡಿಕೊಂಡು ಬಂದೆ. ಇವತ್ತು ಸಂಜೆ ಮನೆಗೆ ಬಂದು ಕೈಕಾಲು ತೊಳೆಯುತ್ತಿದ್ದಾಗ ಹಿತ್ತಲಿನ ಆಚೆಯಿಂದ ಬೀಡಿಯ ವಾಸನೆ ಬಂತು. ಒಂದು ಕೆಮ್ಮು. ಆಮೇಲೆ ಆ ದನಿ.

ಅದು ಹಣಮಂತ ಅಂತ ಕರೆದಿದ್ದರೆ ನಾನು ಓ ಅಂದುಬಿಡುತ್ತಿದ್ದೆ. ದೇವರಾಣೆ, ಬಾಯಿ ತೆರೆದಿದ್ದೆ.

"ಸಿದ್ರಾಮಾ..." ಅಂತ ಕರೆಯಿತು. ಮುಕಾದಮ ಕರೆಯುವುದು ಕೆಳಗಿದ್ದವರ ಹೆಸರನ್ನಷ್ಟೇ.

ಅವನ ಪರವಾಗಿ ಓ ಅಂದರೆ ಅವನು ಮೇಲೆ ಬಂದು ಮನೆ ಸೇರುತ್ತಾನೋ, ಅಥವಾ ಖಣಿಯ ಆ ಮಂದಿಯ ಜೊತೆ ಎದ್ದು ಹೋಗುತ್ತಾನೋ? ಸುಮ್ಮನಿದ್ದರೆ ಖಣಿಯ ಕೆಳಗೇ ಉಳಿಯುತ್ತಾನೋ? ಯಾರನ್ನು ಕೇಳಲಿ?

ಊರೆಲ್ಲ ಮಲಗಿದೆ. ಆ ದನಿ ಮಾತ್ರ, ಸಿಟ್ಟಿಲ್ಲದೆ, ಬೇಸರವಿಲ್ಲದೆ, ಇನ್ನೂ ಕರೆಯುತ್ತಲೇ ಇದೆ...