ಚಿಕ್ಕಮ್ಮ ಕೇಳಿದ ಹಳದಿ ಬಾಗಿಲು

ಬೆಳಗ್ಗೆ ನಮ್ಮ ಯಜಮಾನರು ಪಡಸಾಲೆಯಲ್ಲಿ ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದರು. ಒಗ್ಗರಣೆ ಹಾಕುತ್ತಿದ್ದ ನನ್ನ ಮೂಗಿಗೆ ಸಾಸಿವೆಯ ಘಮದ ಬದಲು ನಂಜನಗೂಡಿನ ಚಿಕ್ಕಮ್ಮನ ಮನೆ ಬಂದು ಬಡಿಯಿತು. ತಿ. ನರಸೀಪುರದಲ್ಲಿ ನಾವು ಕೊಂಡ ಈ ಹಳೆಯ ಮನೆಯ ಬಾಗಿಲುಗಳಿಗೆ ಹಿಂದಿನವರು ದಪ್ಪಗೆ ವಾರ್ನಿಷ್ ಬಳಿದಿದ್ದಾರೆ. ಅದರ ಮೇಲೆ ಬಣ್ಣ ಹೊಡೆಯುವುದು ನಮ್ಮವರ ಹಟ. ಅವರು ಬ್ರಷ್ ಹುಡುಕುತ್ತಿರಲಿ, ಅಷ್ಟರಲ್ಲಿ ಚಿಕ್ಕಮ್ಮನ ವಿಷಯ ನಿಮಗೆ ಹೇಳಿಬಿಡುತ್ತೇನೆ.

ಚಿಕ್ಕಪ್ಪ ಮರದ ಮಿಲ್ಲಿನಲ್ಲಿ ಕೆಲಸಕ್ಕಿದ್ದವರು. ಮನೆಯ ಬಾಗಿಲುಗಳಿಗೆ ತೇಗದ ಹಲಗೆಗಳನ್ನು ಅವರೇ ಆರಿಸಿ ತಂದಿದ್ದರಂತೆ. ಯುಗಾದಿ ಹತ್ತಿರ ಬಂತೆಂದರೆ ಹಳೇ ಬನಿಯನ್ ತೊಟ್ಟು ವಾರ್ನಿಷ್ ಬಳಿಯಲು ನಿಲ್ಲುತ್ತಿದ್ದರು. ಆ ಬಾಗಿಲುಗಳು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿ ಮುಖ ಕಾಣುವಷ್ಟು ಹೊಳೆಯುತ್ತಿದ್ದವು. ಬಂದವರು ಬಾಗಿಲನ್ನು ಹೊಗಳದೆ ಹೋದರೆ ಅವರಿಗೆ ಕಾಫಿ ಕೊಟ್ಟದ್ದೇ ದಂಡ ಎಂಬಂತಿರುತ್ತಿತ್ತು ಚಿಕ್ಕಪ್ಪನ ಮುಖ.

ಚಿಕ್ಕಮ್ಮ ರವಿಕೆ ಹೊಲಿಯುತ್ತಿದ್ದರು. ನಲವತ್ತು ದಾಟುವ ಹೊತ್ತಿಗೆ ಅವರ ಕಣ್ಣು ಮಬ್ಬಾಗತೊಡಗಿತು. ಇದು ಆಪರೇಷನ್ನಿನಿಂದ ಸರಿಹೋಗುವಂಥದ್ದಲ್ಲ, ಉಳಿದ ದೃಷ್ಟಿಯಲ್ಲೇ ಓಡಾಡುವುದನ್ನು ರೂಢಿಸಿಕೊಳ್ಳಿ ಎಂದರು ಮೈಸೂರಿನ ಡಾಕ್ಟರು. ಹೊಲಿಗೆ ನಿಂತಿತು. ಅದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. ಅರ್ಧ ತೆರೆದಿದ್ದ ಅಡುಗೆಮನೆಯ ಬಾಗಿಲಿನ ಅಂಚು ಹಿಂದಿನ ಕತ್ತಲಲ್ಲಿ ಬೆರೆತುಹೋಗಿ, ಅದು ಕಾಣದೆ ಚಿಕ್ಕಮ್ಮ ಹಣೆ ಒಡೆದುಕೊಂಡರು. ಗಾಯ ಮಾಯಿತು, ಹೆದರಿಕೆ ಮಾಯಲಿಲ್ಲ. ಪಡಸಾಲೆಯ ಕುರ್ಚಿ ಹಿಡಿದು ಕೂತವರು ನೀರು ಬೇಕಾದರೂ ಕೂಗಬೇಕು. ಚಿಕ್ಕಪ್ಪ ಮಾಡುವ ಉಪ್ಪಿಟ್ಟನ್ನು ನಾನು ತಿಂದಿದ್ದೇನೆ. ಅದರ ಬಗ್ಗೆ ಹೆಚ್ಚು ಹೇಳಲಾರೆ.

ಡಿಗ್ರಿ ಪರೀಕ್ಷೆ ಮುಗಿಸಿ ನಾನು ಅಲ್ಲಿಗೆ ಹೋಗಿದ್ದಾಗ ಒಂದು ಮಧ್ಯಾಹ್ನ ಚಿಕ್ಕಮ್ಮ ಕೇಳಿಯೇಬಿಟ್ಟರು. “ಬಾಗ್ಲುಗಳಿಗೆ ಅರಿಶಿನದ ಬಣ್ಣ ಒಡೀರಿ. ಅಳದಿ ಇನ್ನೂ ನಂಗೆ ಚೆನ್ನಾಗಿ ಕಾಣ್ತದೆ.”

“ತೇಗದ ಬಾಗ್ಲಿಗೆ ಪೇಂಟಾ? ಜನ ನಗ್ತಾರೆ ಕಣೆ!” ಎಂದರು ಚಿಕ್ಕಪ್ಪ.

ಚಿಕ್ಕಮ್ಮ ಮತ್ತೆ ಆ ಮಾತೆತ್ತಲಿಲ್ಲ. ಆ ವಾರ ಪಕ್ಕದ ಮನೆಯವರು ಸೀಮಂತಕ್ಕೆ ಕರೆಯಲು ಬಂದರು. ಎದ್ದು ಕುಂಕುಮ ತಂದುಕೊಡುವುದಕ್ಕೂ ಧೈರ್ಯ ಸಾಲದೆ ಚಿಕ್ಕಮ್ಮ, “ನಂಗೆ ಮಂಡಿನೋವು, ತಪ್ಪು ತಿಳೀಬೇಡಿ” ಎಂದರು. ಅವರಿಗೆ ಮಂಡಿನೋವು ಎಂದೂ ಇದ್ದದ್ದಲ್ಲ. ಚಿಕ್ಕಪ್ಪ ಒಳಗಿನಿಂದ ಕೇಳಿಸಿಕೊಂಡರು. ಮಾರನೆಯ ದಿನ ಹಳದಿ ಬಣ್ಣದ ಡಬ್ಬಿ ಮನೆಗೆ ಬಂತು.

ನಾನೂ ಅವರೂ ಸೇರಿ ಉತ್ಸಾಹದಿಂದ ವಾರ್ನಿಷ್ ಮೇಲೆಯೇ ಬಳಿದೆವು. ಸಂಜೆ ಬಾಗಿಲು ಚೆಂಡುಹೂವಿನಂತೆ ಕಾಣುತ್ತಿತ್ತು. ಬಣ್ಣ ಒಣಗಿದ ಮೇಲೆ ಚಿಕ್ಕಮ್ಮ ಬಂದು ಸವರಿದರು. ಅಂಚಿಗೆ ಉಗುರು ತಗುಲಿ ಬಣ್ಣ ಉದ್ದಕ್ಕೆ ಎದ್ದು ಬಂತು. “ರಸಬಾಳೆ ಸಿಪ್ಪೆ ಸುಲ್ದಂಗೆ ಬತ್ತದಲ್ರೀ!” ಎಂದು ನಕ್ಕರು. ಅವರು ನಕ್ಕು ಎಷ್ಟೋ ದಿನವಾಗಿತ್ತು. ಬಣ್ಣ ಹಾಳಾದದ್ದಕ್ಕೆ ಬೈಯಬೇಕೆಂದಿದ್ದ ಚಿಕ್ಕಪ್ಪ ಚಪ್ಪಲಿ ಮೆಟ್ಟಿ ಬಣ್ಣದ ಅಂಗಡಿಗೆ ಹೊರಟರು.

ಹೊಳಪು ಹೋಗುವವರೆಗೆ ಉಜ್ಜದೆ ವಾರ್ನಿಷ್ ಯಾವ ಬಣ್ಣವನ್ನೂ ಹಿಡಿಯುವುದಿಲ್ಲ ಎಂದು ಅಂಗಡಿಯವರು ತಿಳಿಸಿದರು. ಬಣ್ಣವನ್ನೆಲ್ಲ ಕೆರೆದೆವು. ಸೋಪಿನ ನೀರಲ್ಲಿ ಜಿಡ್ಡು ತೊಳೆದು, ಒಣಗಿಸಿ, ಸ್ಯಾಂಡ್ ಪೇಪರ್ ಹಿಡಿದೆವು. ನನ್ನ ಕೈ ಹೇಗೆಂದು ಕೇಳುತ್ತೀರಾ? ಪರೀಕ್ಷೆ ಬರೆದು ದಣಿದ ಕೈ. ಮೇಲ್ಮೇಲೆ ಸವರಿ ‘ಆಯ್ತು’ ಎಂದೆ. ಚಿಕ್ಕಮ್ಮ ಕುರ್ಚಿಯಿಂದೆದ್ದು ಗೋಡೆ ಹಿಡಿದು ಬಂದರು. ಬಟ್ಟೆಯ ನೇಯ್ಗೆ ನೋಡುವವರಂತೆ ಹಲಗೆಯ ಮೇಲೆ ಬೆರಳಾಡಿಸಿದರು.

“ಇಲ್ಲಿನ್ನೂ ಜಾರ್ತದೆ. ಇಲ್ಲೂ ಅಷ್ಟೇ. ಕೊಡಿಲ್ಲಿ ಆ ಪೇಪರ್ನ.”

“ನಿಂಗ್ಯಾಕೆ, ಧೂಳು” ಎಂದರು ಚಿಕ್ಕಪ್ಪ.

“ಧೂಳು ಒರೆಸಿದ್ರೆ ಓಗ್ತದೆ. ನೀವು ಬಾಗ್ಲು ಅಲ್ಲಾಡದಂಗೆ ಇಡ್ಕೊಳ್ಳಿ.”

ಅಂದಿನಿಂದ ಯಜಮಾನಿಕೆ ಚಿಕ್ಕಮ್ಮನದು. ಒಂದೊಂದು ಬಾಗಿಲನ್ನೂ ಅವರು ಉಜ್ಜುವುದು, ಧೂಳನ್ನು ನಾನು ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸುವುದು, ಚಿಕ್ಕಪ್ಪ ಪ್ರೈಮರ್ ಬಳಿಯುವುದು. ಅದು ಒಣಗಿದ ಮೇಲೆ ಹಳದಿ. ಚೌಕಟ್ಟುಗಳನ್ನು ಮುಟ್ಟುವುದು ಬೇಡವೆಂದರು ಚಿಕ್ಕಮ್ಮ. ಕಪ್ಪು ಚೌಕಟ್ಟಿನ ಪಕ್ಕದಲ್ಲಿ ಹಳದಿ ಎದ್ದು ಕಾಣುತ್ತದೆ, ಗಂಡನ ತೇಗವೂ ಅಷ್ಟರಮಟ್ಟಿಗೆ ಉಳಿಯುತ್ತದೆ. ಅವರು ಯಾವುದಕ್ಕಾಗಿ ಹಾಗೆಂದರೋ, ಚಿಕ್ಕಪ್ಪನಂತೂ ಆ ರಾತ್ರಿ ಎರಡು ತುತ್ತು ಹೆಚ್ಚಿಗೆ ಉಂಡರು.

ಎಲ್ಲ ಒಣಗಿದ ಮೇಲೆ ಒಂದು ಬೆಳಗ್ಗೆ ಚಿಕ್ಕಮ್ಮ ಕುರ್ಚಿಯಿಂದೆದ್ದರು. ಗೋಡೆ ಹಿಡಿಯಲಿಲ್ಲ. ನೆಟ್ಟಗೆ ನಡೆದು ಹೋಗಿ, ಅಡುಗೆಮನೆಯ ಬಾಗಿಲ ಅಂಚಿಗೆ ಕೈಯಿಟ್ಟು ಒಳಗೆ ಹೋದರು. ಹಿಂದೆಯೇ ಹೊರಟ ಚಿಕ್ಕಪ್ಪನಿಗೆ, “ನೀವಲ್ಲೇ ಇರಿ, ಕಾಫಿ ಆದ್ಮೇಲೆ ಕರೀತೀನಿ” ಎಂದು ಬಾಗಿಲು ಮುಂದೆಳೆದುಕೊಂಡರು. ಚಿಕ್ಕಪ್ಪ ಅಲ್ಲೇ ನಿಂತರು. ಒಳಗೆ ಲೋಟದ ಸದ್ದಾದಾಗಲೆಲ್ಲ ಅವರ ಕಾಲು ಒಂದು ಹೆಜ್ಜೆ ಮುಂದೆ ಬಂದು ಹಿಂದೆ ಸರಿಯುತ್ತಿತ್ತು. ಕೊನೆಗೆ ಕಾಫಿ ಬಂತು. ಕುಡಿದು, “ಸಕ್ಕರೆ ಕಮ್ಮಿ” ಎಂದವರು ಕಣ್ಣೊರೆಸಿಕೊಳ್ಳಲು ಹಿತ್ತಿಲಿಗೆ ಹೋದರು.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ನಮ್ಮವರಿಗೆ ಬ್ರಷ್ ಸಿಕ್ಕಿದೆ. ಅದನ್ನು ಕೈಯಿಂದ ಇಸಿದುಕೊಂಡು ಚಿಕ್ಕಮ್ಮನಿಗೆ ಫೋನ್ ಮಾಡಿದೆ. ವಾರ್ನಿಷ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವರು, “ಬ್ರಷ್ ಮುಟ್ಬೇಡಿ. ನಾಳೆ ನಾನೇ ಬತ್ತೀನಿ” ಎಂದರು.

“ಚಿಕ್ಕಪ್ಪ ಕರ್ಕೊಂಡು ಬರ್ತಾರಾ?”

“ಅವ್ರು ಬೇಕಾದ್ರೆ ನನ್ ಜೊತೆ ಬರ್ಲಿ” ಎಂದರು ಚಿಕ್ಕಮ್ಮ. “ನಿಮ್ಮೂರ ಬಸ್ಸೆಷ್ಟೊತ್ತಿಗೆ ಅಂತ ನೀವು ಮನೆ ತಗೊಂಡಾಗ್ಲೇ ಕಂಡಕ್ಟರ್ನ ಕೇಳಿ ಇಟ್ಕೊಂಡಿವ್ನಿ. ನೀನು ಸ್ಯಾಂಡ್ ಪೇಪರ್ ತರ್ಸು.”