ಸೋರುವ ಲೋಟ

ಆಳಂದದ ಕುಡಿಯುವ ನೀರಿನ ಕೆರೆಗೆ ಪುರಸಭೆಯವರು ಒಬ್ಬ ಕಾವಲುಗಾರನನ್ನು ಇಟ್ಟಿದ್ದರು. ಅವನನ್ನು ಕಂಡರೆ ನನಗೆ ಹೊಟ್ಟೆಯುರಿ. ಖಾಕಿ ಅಂಗಿಗೆ ಗುಂಡಿಯಿಲ್ಲ, ಮೀಸೆಗೆ ಮಾತ್ರ ದಿನಾ ಎಣ್ಣೆ. ಯಾರಾದರೂ ಕೆರೆಗೆ ಎಮ್ಮೆ ಇಳಿಸಿದರೆ, ಅಲ್ಲಿನದೇ ನೀರನ್ನು ತಗಡಿನ ಲೋಟದಲ್ಲಿ ತುಂಬಿ ಅವರ ಮುಂದೆ ಹಿಡಿದು, "ಮೊದಲ ನೀವು ಕುಡೀರಿ" ಎನ್ನುತ್ತಿದ್ದ. ಅಷ್ಟೇ ಅವನ ವಾದ, ಅಷ್ಟಕ್ಕೇ ಜನ ವಾಪಸಾಗುತ್ತಿದ್ದರು. ನನ್ನ ಲೆಕ್ಕದಲ್ಲಿ ಅದು ವಾದವೇ ಅಲ್ಲ. ತಿಳಿಯಾಗಿ ಕಂಡ ನೀರಲ್ಲೂ ರೋಗವಿರಬಹುದಲ್ಲ?

ಒಂದು ಸಂಜೆ ಅಪ್ಪ ಅದೇ ಕೆರೆಗೆ ಟ್ರ್ಯಾಕ್ಟರ್ ಇಳಿಸಿ ತೊಳೆಯುತ್ತಿದ್ದರು. ನೀರಿನ ರಕ್ಷಣೆಯ ಮೇಲೆಯೇ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದವನು ನಾನು. ಕಾಯ್ದೆ, ಕಾಲರಾ, ಊರಿನ ಹಕ್ಕು, ಎಲ್ಲ ಹೇಳಿದೆ.

"ಭಾಷಣ ಕಾಲೇಜಿನ್ಯಾಗ ಮಾಡಲೇ. ಆ ಬಕೀಟ ಕೊಡು" ಎಂದರು ಅಪ್ಪ.

ಅಷ್ಟರಲ್ಲಿ ಕಾವಲುಗಾರ ಬಂದ. ಎಣ್ಣೆ ತೇಲುತ್ತಿದ್ದ ಕಡೆ ಲೋಟ ಅದ್ದಿ, ಸೋರುವ ತಳಕ್ಕೆ ಬೆರಳೊತ್ತಿ ಹಿಡಿದು, "ಮೊದಲ ನೀವು ಕುಡೀರಿ ಸಾವ್ಕಾರ್ರ" ಎಂದ.

ಅಪ್ಪ ಲೋಟವನ್ನು ನೋಡಿದರು. ಟ್ರ್ಯಾಕ್ಟರ್ ಹೊರಗೆ ತೆಗೆದರು.

ಮರುದಿನ ಕಪಾಟಿನಲ್ಲಿ ನನ್ನ ಕಪ್ ಇರಲಿಲ್ಲ.

"ಅವನ ಗಿಲಾಸ ಸೋರಾಕತ್ತಿತ್ತು, ಕೊಟ್ಟು ಬಂದೆ" ಎಂದರು ಅಪ್ಪ. "ಇಲ್ಲಿ ಸುಮ್ನ ಕುಂತಿತ್ತಲ್ಲ."

ವಾಪಸು ಕಿತ್ತುಕೊಳ್ಳಲೆಂದೇ ಕೆರೆಗೆ ಓಡಿದೆ. ಕಾವಲುಗಾರ ಆಗಲೇ ಎಮ್ಮೆಯವನೊಬ್ಬನ ಮುಂದೆ ನನ್ನ ಕಪ್ ಹಿಡಿದು ನಿಂತಿದ್ದ. ನನ್ನ ಹೆಸರು ಕೆತ್ತಿದ ಬದಿ ಎಮ್ಮೆಯವನ ಕಡೆಗಿತ್ತು. ಅವನು ಅದನ್ನು ಓದಲಿಲ್ಲ. ಒಳಗಿನ ನೀರನ್ನಷ್ಟೇ ನೋಡಿ, ಎಮ್ಮೆ ಹೊಡೆದುಕೊಂಡು ಹೋದ.