ಗಾಜಿನ ಪೆಟ್ಟಿಗೆಯೊಳಗಿನ ಎರೆಹೊಲ

ಪಲ್ಲವಿಗೆ ಎರಡೂವರೆ ವರ್ಷ ತುಂಬಿದರೂ ಒಂದು ಮಾತು ಬಂದಿರಲಿಲ್ಲ. ಅಕ್ಕಿ ಆರಿಸುವಾಗ, ಬಟ್ಟೆ ಒಣಹಾಕುವಾಗ, ದೇವರ ಮುಂದೆ ಕಣ್ಣು ಮುಚ್ಚಿದಾಗಲೂ ನನಗೆ ಅದೇ ಯೋಚನೆ. ‘ಅಮ್ಮ’ ಎನ್ನುವುದೂ ಬೇಡ, ಕಾಗೆಯನ್ನು ಕಂಡು ‘ಕಾ’ ಎಂದಿದ್ದರೂ ಸಾಕಿತ್ತು. ಮೈಸೂರಿನಲ್ಲಿದ್ದ ನಮ್ಮಪ್ಪ, “ಇಲ್ಲಿ ಒಳ್ಳೆಯ ಡಾಕ್ಟರಿದ್ದಾರೆ, ಒಂದು ಫೋನ್ ಮಾಡು, ದಿನ ಗೊತ್ತುಮಾಡುತ್ತೇನೆ” ಎನ್ನುತ್ತಲೇ ಇದ್ದರು.

ಆ ಫೋನಿಗೆ ಅಡ್ಡ ನಿಂತವರು ಕನಕಮ್ಮ. ನನ್ನ ಯಜಮಾನರ ದೊಡ್ಡಮ್ಮ. ಪಾಮನಕಲ್ಲೂರಿನಿಂದ ಕೂಸನ್ನು ನೋಡಿಕೊಳ್ಳಲೆಂದು ಲಿಂಗಸುಗೂರಿನ ನಮ್ಮ ಬಾಡಿಗೆ ಮನೆಗೆ ಬಂದಿದ್ದರು. ತೊಂಬತ್ತೊಂದನೇ ಇಸವಿಯ ಮಾತು.

“ಇದರಪ್ಪ ನಾಕ ವರ್ಷಕ್ಕ ಬಾಯಿ ಬಿಟ್ಟಾನ. ಈಗ ನೋಡು, ಬ್ಯಾಂಕಿನ್ಯಾಗ ಕುಂತು ಮಂದಿ ಮ್ಯಾಲ ಹ್ಯಾಂಗ ಜೋರು ಮಾಡ್ತಾನ! ಡಾಕ್ಟರು ಡಾಕ್ಟರು ಅಂತ ಕೂಸಿಗೆ ಇಲ್ಲದ್ದು ಹಚ್ಚಬ್ಯಾಡ.”

ಯಜಮಾನರು ಪೇಪರಿನ ಹಿಂದಿನಿಂದ ತಲೆಯಾಡಿಸುತ್ತಿದ್ದರು. ಚಿಕ್ಕಂದಿನಲ್ಲಿ ತಾಯಿಯನ್ನು ಕಳೆದುಕೊಂಡ ಅವರನ್ನು ಸಾಕಿದವರು ಕನಕಮ್ಮ. ಗಂಡ ಹೋದಮೇಲೆ ತಾವೇ ಕೂರಿಗೆ ಹಿಡಿದು ಬಿತ್ತಿದ ಹೆಂಗಸು. ಅವರ ಎದುರು ಊರೇ ಮಾತಾಡುತ್ತಿರಲಿಲ್ಲವಂತೆ. ನಾನು ಯಾವ ಲೆಕ್ಕ?

ಮೈಸೂರಿನಿಂದ ತಂದ ನನ್ನ ಗೊಂಬೆಗಳಿಗೆಂದು ಗಾಜಿನ ಅಂಗಡಿಯ ಮಲೀಕಸಾಬರ ಹತ್ತಿರ ಒಂದು ಪುಟ್ಟ ಪೆಟ್ಟಿಗೆ ಮಾಡಿಸಿದ್ದೆ. ಪೆಟ್ಟಿಗೆ ಮನೆಗೆ ಬಂದ ದಿನವೇ ಕನಕಮ್ಮ ಅದನ್ನು ತಮ್ಮ ಕಡೆಗೆ ಎಳೆದುಕೊಂಡರು.

“ಗೊಂಬಿ ಇಟ್ಟು ಏನು ಮಾಡ್ತೀ? ಕೂಸು ಹೊಲಾನ ಕಂಡಿಲ್ಲ. ಇದರಾಗ ನನ್ನ ಹೊಲ ಕಟ್ಟಿ ತೋರಸ್ತೀನಿ.”

ಅಲ್ಲಿಂದ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಜೋಳದ ದಂಟಿನ ಸಿಪ್ಪೆ ಸುಲಿದು, ಒಳಗಿನ ಬೆಂಡಿನಿಂದ ಎರಡು ಎತ್ತು, ಬಂಡಿ, ಕಾವಲಿನ ಅಟ್ಟಣಿಗೆ ಮಾಡಿದರು. ತೆಂಗಿನ ಚಿಪ್ಪು ಬಾವಿಯಾಯಿತು. ಬೇವಿನ ಟೊಂಗೆ ಮರವಾಯಿತು. ನನ್ನ ರವಿಕೆಯ ಚೂರು ಬೆದರುಬೊಂಬೆಯ ಅಂಗಿಯಾಯಿತು. ನೆಲದ ತುಂಬ ಸಿಪ್ಪೆ. ಪಲ್ಲವಿ ಬಾಯಿಗೆ ಹಾಕಿಕೊಳ್ಳುತ್ತಾಳೇನೋ ಎಂದು ನಾನು ಒಲೆ ಬಿಟ್ಟು ಓಡಿಬರುವುದು, ಅತ್ತ ಹಾಲು ಉಕ್ಕುವುದು.

“ಮನೆ ಹಿಂದೆಯೇ ಮಣ್ಣು ಇದೆಯಲ್ಲ ದೊಡ್ಡಮ್ಮ, ಬೇಗ ಮುಗಿಸಿ.”

“ಅದು ಮಸಾರಿ, ಕೆಂಪು ಮಣ್ಣು! ಎರಿ ಹೊಲದಾಕಿ ನಾ. ಮಸಾರಿ ಮ್ಯಾಲ ಎತ್ತು ನಿಂದ್ರಿಸಿದ್ರ ಊರ ಮಂದಿ ನಗಂಗಿಲ್ಲೇನು?”

“ಊರಿನವರು ಇಲ್ಲಿಗೆ ಬಂದು ನೋಡ್ತಾರಾ?”

“ನಾ ನೋಡ್ತೀನಲ್ಲ ಬೇ!”

ಮಸ್ಕಿಯಲ್ಲಿ ಬಸ್ಸು ಬದಲಿಸಿ ಊರಿಗೆ ಹೋಗಿ, ಎಣ್ಣೆ ಡಬ್ಬಿಯ ತುಂಬ ಕರಿಮಣ್ಣು ಹೊತ್ತು ಬಂದರು. “ಮಣ್ಣಿಗೂ ಟಿಕೀಟ ಕೇಳ್ತಾನ, ಬಾಡ್ಯಾ!” ಎಂದು ಕಂಡಕ್ಟರನಿಗೆ ಸಂಜೆಯವರೆಗೂ ಬೈದರು. ಒಣಮಣ್ಣನ್ನು ಪೆಟ್ಟಿಗೆಯ ಅರ್ಧಕ್ಕೆ ತುಂಬಿ, ಬದುಗಳು ಜರಿಯದಂತೆ ಮುಷ್ಟಿಯಿಂದ ಗುದ್ದಿ ಗುದ್ದಿ ಗಟ್ಟಿ ಮಾಡಿದರು. ಸಾಲು ಎಳೆದು ಜೋಳ ಬಿತ್ತಿದರು. ನಿಜ ಹೇಳಬೇಕೆಂದರೆ ಚೆನ್ನಾಗಿತ್ತು. ಅದೇ ನನಗೆ ಇನ್ನಷ್ಟು ಸಿಟ್ಟು.

ಉತ್ತರಿ ಮಳೆಯ ನಕ್ಷತ್ರ ಶುರುವಾದ ದಿನ ಒಂದು ಚಂಬು ನೀರು ತಂದರು.

“ನೀರು ಯಾಕೆ ಈಗ? ನೋಡೋದಕ್ಕೆ ಮಾಡಿದ್ದಲ್ವಾ?”

“ಬಿತ್ತಿದ ಹೊಲಕ್ಕ ಉತ್ತರಿ ಮಳಿ ಕುಡಿಸದಿದ್ರ ಹ್ಯಾಂಗ? ಕಣ್ಣಿಗೆ ಛಲೋ ಕಾಣಂಗಿಲ್ಲ.” ಚಂಬು ಖಾಲಿಯಾಯಿತು.

ಮರುದಿನ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿದ್ದೆ. ಪಡಸಾಲೆಯಲ್ಲಿ ಬಂದೂಕು ಹಾರಿಸಿದಂತೆ ಸದ್ದಾಯಿತು. ಹಿಂದೆಯೇ ಕಲ್ಲುಹಾಸಿನ ಮೇಲೆ ಗಾಜು ಬಿದ್ದು ಚೂರಾದ ಸದ್ದು. ಎದುರುಮನೆಯ ನಾಯಿ ಬೊಗಳತೊಡಗಿತು. ಓಡಿಹೋದರೆ ಪೆಟ್ಟಿಗೆಯ ಒಂದು ಪಕ್ಕ ಒಡೆದು, ಉಬ್ಬಿದ ಕರಿಮಣ್ಣು ಹೊರಗೆ ಸುರಿದಿತ್ತು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಅದರ ಮೇಲೆ ಕಟ್ಟಿದ ಗೋಡೆಯೇ ಬಿರಿಯುತ್ತದೆ ಎಂಬುದು ಅವರ ಊರಿನ ಕೂಸಿಗೂ ಗೊತ್ತು. ತಮ್ಮ ಮನೆಯ ಗೋಡೆ ಎರಡು ಸಲ ಕಟ್ಟಿಸಿದ ಕನಕಮ್ಮನಿಗೆ ಗಾಜಿನ ಮುಂದೆ ಅದು ಮರೆತೇಹೋಗಿತ್ತು.

“ಅಯ್ಯಯ್ಯ, ನನ್ನ ಹೊಲ!” ಎಂದು ಅವರು ಹಿತ್ತಲಿನಿಂದ ಓಡಿಬಂದರು.

“ಹೊಲವಂತೆ ಹೊಲ! ಮಗು ಇರೋ ಮನೆ ಇದು!” ನಾನು ಮೊದಲ ಸಲ ಅವರ ಮೇಲೆ ಕೂಗಿದೆ. ಕೂಗುತ್ತಲೇ ಮಗುವನ್ನು ಎತ್ತಿಕೊಳ್ಳಲು ತಿರುಗಿದೆ.

ಪಲ್ಲವಿ ಹೊಸ್ತಿಲ ಹತ್ತಿರ, ಪೆಟ್ಟಿಗೆಗೆ ಬೆನ್ನು ಮಾಡಿ ಕೂತಿದ್ದಳು. ಬೆಂಡಿನ ತುಂಡುಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ತಿರುಗಿ ನೋಡಿರಲಿಲ್ಲ. ನನ್ನ ಕೂಗಿಗೂ ಅವಳ ಹೆಗಲು ಅಲುಗಲಿಲ್ಲ.

ಕನಕಮ್ಮನೂ ಅದನ್ನೇ ನೋಡುತ್ತಿದ್ದರು. ಒಳಗಿನಿಂದ ಊಟದ ಹಿತ್ತಾಳೆ ಗಂಗಾಳ ತಂದು, ಅವಳ ಬೆನ್ನ ಹಿಂದೆ ನಿಂತು ಸೌಟಿನಿಂದ ಬಡಿದರು. ಮತ್ತೆ ಬಡಿದರು. ಪಲ್ಲವಿ ಇನ್ನೊಂದು ತುಂಡು ಇಟ್ಟಳು. ಅವರು ಬಗ್ಗಿದಾಗ ನೆರಳು ಬಿತ್ತು. ಆಗ ತಿರುಗಿ, ಮುಖ ನೋಡಿ ನಕ್ಕಳು.

“ಮಾತಲ್ಲ ಬೇ,” ಎಂದರು ಕನಕಮ್ಮ, ಗಂಗಾಳ ಕೆಳಗಿಟ್ಟು. “ಕಿವಿ.” ಆಮೇಲೆ, “ನಡಿ. ನಿಮ್ಮಪ್ಪಗ ಫೋನ್ ಹಚ್ಚು.”

“ಅವರು ಬ್ಯಾಂಕಿನಿಂದ ಬರಲಿ, ಒಂದು ಮಾತು ಕೇಳಿ...”

“ಅವನನ್ನೇನು ಕೇಳ್ತೀ? ನಾ ಹೇಳಿದ್ದಕ್ಕ ಹೂಂ ಅಂದಾನ. ಈಗೂ ಹೂಂ ಅಂತಾನ. ಏಳು!”

ಇಷ್ಟು ದಿನ ತಡೆದವರು ಈಗ ನನಗೆ ಚಪ್ಪಲಿ ಹಾಕಿಕೊಳ್ಳಲೂ ಬಿಡಲಿಲ್ಲ. ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಲ್ಲಿ ಲೈನು ಸಿಗುತ್ತಿರಲಿಲ್ಲ. ಕನಕಮ್ಮ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬೂತಿನವನನ್ನು ಬೈಯುತ್ತಿದ್ದರು. ಕಡೆಗೂ ಅಪ್ಪನ ದನಿ ಕೇಳಿಸಿತು.

“ಅಪ್ಪಾ, ಡಾಕ್ಟರ ಹತ್ತಿರ ದಿನ ಗೊತ್ತುಮಾಡಿ. ಪಲ್ಲವಿಗೆ ಕಿವಿ ಕೇಳಿಸುತ್ತಿಲ್ಲ.”

“ಏನಂದೆ? ಏನೂ ಕೇಳಿಸ್ತಿಲ್ಲ!”

“ಜೋರಾಗಿ ಹೇಳ ಬೇ,” ಎಂದರು ಹಿಂದಿನಿಂದ ಕನಕಮ್ಮ, “ಮೈಸೂರು ದೂರ ಐತಿ.”

ಬಸ್‌ಸ್ಟ್ಯಾಂಡಿನ ಮಂದಿಯೆಲ್ಲ ತಿರುಗಿ ನೋಡುವಂತೆ ಇನ್ನೊಮ್ಮೆ ಹೇಳಿದೆ.